ಕೊನೆಯ ಮೂರು ಅಂಕಿ

ನಮ್ಮೂರಿನಲ್ಲಿ ಹೊತ್ತು ಹರಿಯುವುದಿಲ್ಲ, ಹಾರುತ್ತದೆ. ಗೋಡೆ ಗಡಿಯಾರ, ಕೈಗಡಿಯಾರ, ಮೊಬೈಲು, ಪುರಸಭೆಯ ಕಂಪ್ಯೂಟರು, ನನ್ನ ಹೋಟೆಲಿನ ಗೂಡಿನಲ್ಲಿ ಕೂತಿರುವ ಅಪ್ಪನ ಕಾಲದ ಅಲಾರಾಂ, ಎಲ್ಲವೂ ಹತ್ತು ಗಂಟೆ ಎಂದರೆ ಹತ್ತು ಗಂಟೆ ಎಂದೇ ನಿಂತಿರುತ್ತವೆ. ನೀವು ಎಷ್ಟು ದುರುಗುಟ್ಟಿ ನೋಡಿದರೂ ಅಲ್ಲಾಡುವುದಿಲ್ಲ. ಆಮೇಲೆ ಊರಿಗೆ ಊರೇ ಒಮ್ಮೆ ‘ಟಕ್’ ಎನ್ನುತ್ತದೆ, ಎಲ್ಲ ಗಡಿಯಾರಗಳಲ್ಲೂ ಹತ್ತು ಗಂಟೆ ಏಳು ನಿಮಿಷವಾಗಿರುತ್ತದೆ. ನಡುವಿನ ಏಳು ನಿಮಿಷ ಎಲ್ಲಿ ಹೋಯಿತು ಎಂದು ಕೇಳುವವರು ಬಸ್ಸಿಳಿದು ಬಂದ ಹೊರಗಿನವರು. ನಾವು “ಹಾರ್ತು” ಎಂದು ಹೇಳಿ ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತೇವೆ. ಒಂದು ನೆಗೆತಕ್ಕೂ ಇನ್ನೊಂದು ನೆಗೆತಕ್ಕೂ ನಡುವೆ ಒಂದು ಲೋಟ ಕಾಫಿಯನ್ನು ಆರಾಮವಾಗಿ ಕುಡಿಯಬಹುದು, ಆದರೆ ಒಂದು ಒಬ್ಬೆ ಇಡ್ಲಿ ಬೇಯುವುದಿಲ್ಲ. ಇದಕ್ಕಿಂತ ಹೆಚ್ಚಿನ ವಿವರ ನನ್ನ ಹತ್ತಿರ ಇಲ್ಲ, ಬೇರೆ ಯಾರ ಹತ್ತಿರವೂ ಇಲ್ಲ.

ಹೀಗಾಗಿ ನಾನು ಮೊದಲು, ನೀನು ಆಮೇಲೆ ಎಂಬ ಜಗಳ ನಮ್ಮಲ್ಲಿ ಹುಟ್ಟುತ್ತಲೇ ಇರಲಿಲ್ಲ. ಒಂದೇ ನೆಗೆತದೊಳಗೆ ನಡೆದದ್ದೆಲ್ಲ ಒಟ್ಟಿಗೇ ನಡೆದದ್ದು. ನಮ್ಮ ಶಾಲೆಗೆ ಇಬ್ಬರು ಹೆಡ್‌ಮಾಸ್ಟರು, ಏಕೆಂದರೆ ಇಬ್ಬರೂ ಒಂದೇ ನೆಗೆತದಲ್ಲಿ ಕೆಲಸಕ್ಕೆ ಹಾಜರಾದರು. ಒಬ್ಬರು ರಜೆ ಕೊಟ್ಟ ದಿನ ಇನ್ನೊಬ್ಬರು ಪರೀಕ್ಷೆ ಇಡುತ್ತಾರೆ. ಕೆರೆ ಬೀದಿಯ ಒಂದು ಎಮ್ಮೆಗೆ ಇಬ್ಬರು ಯಜಮಾನಿಯರು. ಒಬ್ಬಳು ಬೆಳಿಗ್ಗೆ ಹಿಂಡುತ್ತಾಳೆ, ಇನ್ನೊಬ್ಬಳು ಸಂಜೆ ಹಿಂಡಿ, ಬೆಳಗಿನವಳು ಸರಿಯಾಗಿ ಮೇವು ಹಾಕಿಲ್ಲ ಎಂದು ಬೈಯುತ್ತಾಳೆ. ಹೊಡೆದಾಟವಾಗಿ ಪೊಲೀಸ್ ಠಾಣೆಗೆ ಹೋದರೆ ಇನ್ಸ್‌ಪೆಕ್ಟರು ಕೇಳುವುದು ಒಂದೇ ಪ್ರಶ್ನೆ: “ನಡುವೆ ಹಾರ್ತಾ?” ಇಲ್ಲ ಎಂದರೆ ಇಬ್ಬರೂ ಒಟ್ಟಿಗೇ ಹೊಡೆದ ಲೆಕ್ಕ. ಇಬ್ಬರಿಗೂ ನನ್ನ ಹೋಟೆಲಿನಿಂದ ಕಾಫಿ ತರಿಸಿ ಕುಡಿಸಿ ಮನೆಗೆ ಕಳಿಸುತ್ತಾರೆ. ನಲ್ಲಿಯ ಮುಂದೆ ನಮ್ಮಲ್ಲಿ ಸಾಲು ಇರಲಿಲ್ಲ, ಗುಂಪಿತ್ತು. ಗುಂಪಿನಲ್ಲಿ ಯಾರ ಕೊಡ ಹತ್ತಿರವಿದೆಯೋ ಅದು ತುಂಬುತ್ತಿತ್ತು.

ಬಸ್ ಸ್ಟ್ಯಾಂಡಿನ ಎದುರಿನ ನನ್ನ ಹೋಟೆಲೂ ಇಂಥದ್ದೇ ಒಂದು ನೆಗೆತದ ಫಲ. ನಮ್ಮಪ್ಪನೂ ದರ್ಜಿ ವಿಠೋಬನ ಅಪ್ಪನೂ ಪುರಸಭೆಯ ಆ ಮಳಿಗೆ ಬೇಕೆಂದು ಒಂದೇ ನೆಗೆತದಲ್ಲಿ ಹೋಗಿ ಕೇಳಿದರಂತೆ. ಪುರಸಭೆಯವರು ನೆಲದ ಮೇಲೆ ಸುಣ್ಣದಲ್ಲಿ ಒಂದು ಗೀಟು ಎಳೆದು, ಆಚೆ ಹೊಲಿಗೆ, ಈಚೆ ಇಡ್ಲಿ ಎಂದು ಹೇಳಿ ಹೋದರು. ಅಪ್ಪಂದಿರ ಕಾಲ ಮುಗಿದ ಮೇಲೆ ಈಚೆ ನಾನು ಕೂತೆ, ಆಚೆ ವಿಠೋಬ ಕೂತ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಓದು ತಲೆಗೆ ಹತ್ತದೆ ಒಟ್ಟಿಗೇ ಬಿಟ್ಟವರು. ಆದರೂ ಗೀಟು ಗೀಟೇ. ಅವನ ದಾರದ ತುಂಡು ಹಾರಿ ಬಂದು ನನ್ನ ಚಟ್ನಿಗೆ ಬೀಳುತ್ತಿತ್ತು. ನನ್ನ ಸಾಂಬಾರಿನ ಹನಿ ಹಾರಿ ಹೋಗಿ ಅವನು ಹೊಲಿಯುತ್ತಿದ್ದ ರವಿಕೆಯ ಮೇಲೆ ಕೂರುತ್ತಿತ್ತು.

“ಲೋ ವಿಠೋಬ, ಗಿರಾಕಿ ಚಟ್ನಿ ತಿನ್ಬೇಕೋ ಇಲ್ಲ ನೂಲ್ಬೇಕೋ?” ಎಂದು ನಾನು ಕೂಗುತ್ತಿದ್ದೆ.

“ಅಷ್ಟು ನೀರು ಚಟ್ನಿ ಮಾಡಿದ್ರೆ ಹಿಡಿದು ನಿಲ್ಲಿಸೋಕೆ ದಾರನಾದ್ರೂ ಬೇಡ್ವೇನೋ ಅಚ್ಯುತ?” ಎಂದು ಅವನು ಮಿಷಿನ್ನಿನಿಂದ ತಲೆ ಎತ್ತದೆ ಹೇಳುತ್ತಿದ್ದ.

ಗಿರಾಕಿಗಳಿಗೆ ಇದೇ ಮಜಾ. ಪ್ಯಾಂಟಿನ ಕಾಲು ಮಡಿಸಿ ಹೊಲಿಯಲು ಅವನಿಗೆ ಕೊಟ್ಟು, ಹೊಲಿದು ಮುಗಿಯುವವರೆಗೆ ನನ್ನ ಕಡೆ ಕೂತು ಇಡ್ಲಿ ತಿನ್ನುತ್ತ ನಮ್ಮ ಬೈಗುಳ ಕೇಳುತ್ತಿದ್ದರು. ಒಬ್ಬೊಬ್ಬರು ಚೆನ್ನಾಗಿಯೇ ಇದ್ದ ಪ್ಯಾಂಟನ್ನೂ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು.

ಈಗ ನನ್ನ ಹೆಂಡತಿಯ ವಿಷಯ ಹೇಳಬೇಕು, ಏಕೆಂದರೆ ಕಥೆ ಅವಳದು. ವಾರಿಜ ಪುರಸಭೆಯಲ್ಲಿ ಕಂಪ್ಯೂಟರಿನ ಕೆಲಸದವಳು. ನೀರಿನ ತೆರಿಗೆ, ಜನನ ಮರಣ, ಬೀದಿ ದೀಪ, ಎಲ್ಲದರ ಪ್ರೋಗ್ರಾಮೂ ಅವಳೇ ಬರೆದದ್ದು. ಮನೆಯಲ್ಲೂ ಅವಳದು ಅದೇ ಬುದ್ಧಿ. “ಉಪ್ಪು ಸ್ವಲ್ಪ ಹಾಕು” ಎಂದರೆ “ಸ್ವಲ್ಪ ಅಂದ್ರೆ ಎಷ್ಟು ರೀ?” ಎಂದು ಚಮಚ ಹಿಡಿದು ನಿಲ್ಲುತ್ತಾಳೆ. ತನ್ನ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಅವತ್ತು ಅವಳಿಗೆ ಊಟ ಸೇರುವುದಿಲ್ಲ, ನನಗೆ ಊಟ ಸಿಗುವುದಿಲ್ಲ.

ನಮ್ಮ ಪುರಸಭೆ ಅಧ್ಯಕ್ಷ ಪಂಚಾಕ್ಷರಪ್ಪನವರು ಒಮ್ಮೆ ಹೊರಗಿನ ಯಾವುದೋ ದೊಡ್ಡ ಊರಿಗೆ ಹೋಗಿ ಬಂದರು. ಅಲ್ಲಿಯ ಆಟದ ಮೈದಾನದಲ್ಲಿ ಅಂಕಿಗಳು ಓಡುವ ಬೋರ್ಡು ನೋಡಿದರಂತೆ. ಗಂಟೆ, ನಿಮಿಷ, ಸೆಕೆಂಡು, ಅದರ ಮುಂದೆ ಸೆಕೆಂಡಿನ ಸಾವಿರದ ಭಾಗ ಹೇಳುವ ಮೂರು ಅಂಕಿ, ಅವು ಕಣ್ಣಿಗೆ ಸಿಗದಷ್ಟು ಜೋರಾಗಿ ಓಡುತ್ತಿದ್ದವಂತೆ. ಊರಿಗೆ ಬಂದು ನಮ್ಮ ಗಡಿಯಾರ ನೋಡಿದರೆ ಅದು ಮಲಗಿದ ಎಮ್ಮೆಯ ಹಾಗೆ ಬಿದ್ದುಕೊಂಡಿತ್ತು. ಅವರಿಗೆ ಅವಮಾನವಾಯಿತು. ಅಂಥದ್ದೇ ಒಂದು ಬೋರ್ಡನ್ನೂ, ಗುಂಡಿ ಒತ್ತಿದರೆ ಒತ್ತಿದ ಹೊತ್ತನ್ನು ಅಚ್ಚು ಹಾಕಿ ಚೀಟಿ ಕೊಡುವ ಒಂದು ಪೆಟ್ಟಿಗೆಯನ್ನೂ ತರಿಸಿ ವಾರಿಜಳ ಮುಂದೆ ಇಟ್ಟರು.

“ಅಧ್ಯಕ್ಷರೇ, ಬೋರ್ಡು ತಾನಾಗಿ ಏನೂ ಹೇಳಲ್ಲ, ಕಂಪ್ಯೂಟರಿನ ಗಡಿಯಾರನ ಕೇಳಿ ಹೇಳುತ್ತೆ,” ಎಂದಳು ವಾರಿಜ. “ಆ ಗಡಿಯಾರ ಒಂದೊಂದು ಸಲಕ್ಕೆ ಏಳು ನಿಮಿಷ ಹಾರುತ್ತೆ. ಅದಕ್ಕಿಂತ ಸಣ್ಣದು ಅದಕ್ಕೇ ಗೊತ್ತಿಲ್ಲ. ಬೋರ್ಡು ಎಲ್ಲಿಂದ ತರಲಿ?”

“ನಿಮ್ಮ ಪ್ರೋಗ್ರಾಮಿನಿಂದ ತನ್ನಿ ವಾರಿಜಮ್ಮ. ನಮಗೆ ಓಡೋದು ಕಾಣಬೇಕು, ಅಷ್ಟೇ.”

ಅವಳು ವಾದಿಸಿದಳು. ಅವರು ಊರಿನ ಮರ್ಯಾದೆ ಎಂದರು. ಅವಳು ಮತ್ತೆ ವಾದಿಸಿದಳು. ಅವರು ಎದ್ದು ನಿಂತು ಊರಿನ ಮರ್ಯಾದೆ ಎಂದರು. ಕೊನೆಗೆ ಅವಳು ಬೇಸತ್ತು, ಡಬ್ಬಿಯೊಳಗೆ ಕೈ ಹಾಕಿ ಕಣ್ಣು ಮುಚ್ಚಿ ಎತ್ತಿದ ಹಾಗೆ ಕಂಪ್ಯೂಟರು ಸಿಕ್ಕ ಸಿಕ್ಕ ಮೂರು ಅಂಕಿ ಎತ್ತಿ ಬೋರ್ಡಿನ ಕೊನೆಗೆ ಎಸೆಯುವಂತೆ ಮಾಡಿದಳು. ಆ ಪ್ರೋಗ್ರಾಮಿನಲ್ಲಿ ಇನ್ನೊಂದು ಜಾಗವಿತ್ತಂತೆ. ಈ ಗಡಿಯಾರ ನಿಜವಾಗಿ ಹೇಳಬಲ್ಲ ಅತಿ ಚಿಕ್ಕ ಹೊತ್ತು ಎಷ್ಟು ಎಂದು ಅಲ್ಲಿ ತುಂಬಬೇಕು. ವಾರಿಜ ಏಳು ನಿಮಿಷ ಎಂದು ಹಾಕಲು ಹೋದಳು. ಹಿಂದೆ ನಿಂತಿದ್ದ ಪಂಚಾಕ್ಷರಪ್ಪ “ಸೆಕೆಂಡಿನ ಸಾವಿರದ ಒಂದು ಭಾಗ ಅಂತ ಹಾಕಿ” ಎಂದರು. ಹಾಕಿದಳು.

ಅವತ್ತು ಸಂಜೆ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಅವಳೇ ಈ ಸಮಾಚಾರ ಹೇಳಿ, “ಹಬ್ಬಕ್ಕೆ ಸೀರಿಯಲ್ ಲೈಟ್ ಹಾಕಲ್ವಾ, ಹಾಗೆ ಅಂದ್ಕೊಂಡ್ರೆ ಆಯ್ತು ಬಿಡಿ,” ಎಂದಳು. ಇಬ್ಬರೂ ನಕ್ಕೆವು. ಆ ನಗೆ ಎಷ್ಟು ದಿನ ಬಾಳುತ್ತದೆ ಎಂದು ನಮಗೇನು ಗೊತ್ತು.

ಪುರಸಭೆಯ ಜಗಲಿಯ ಮೇಲೆ ಕೂರಿಸಿದ ಬೋರ್ಡಿನ ಉದ್ಘಾಟನೆಗೆ ಊರೆಲ್ಲ ಸೇರಿತ್ತು. ಗಂಟೆ ನಿಂತಿತ್ತು, ನಿಮಿಷ ನಿಂತಿತ್ತು, ಸೆಕೆಂಡಿನ ಜಾಗದಲ್ಲಿ ಎರಡು ಸೊನ್ನೆ ಬಾಯಿ ಬಿಟ್ಟುಕೊಂಡು ನಿಂತಿದ್ದವು. ಕೊನೆಯ ಮೂರು ಅಂಕಿ ಮಾತ್ರ ಹುಚ್ಚು ಹಿಡಿದ ಹಾಗೆ ಓಡುತ್ತಿದ್ದವು. ಸೆಕೆಂಡೇ ಅಲ್ಲಾಡದೆ ಸೆಕೆಂಡಿನ ಸಾವಿರದ ಭಾಗ ಹೇಗೆ ಓಡುತ್ತದೆ ಎಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಪಂಚಾಕ್ಷರಪ್ಪನವರು ಮೈಕು ಹಿಡಿದು, ಇನ್ನು ಮುಂದೆ ಪುರಸಭೆಯಲ್ಲಿ ಮೊದಲು ಬಂದವರಿಗೆ ಮೊದಲು, ಯಾರು ಮೊದಲು ಎಂದು ಚೀಟಿಯೇ ಹೇಳುತ್ತದೆ ಎಂದು ಘೋಷಿಸಿದರು.

ಅಲ್ಲಿಗೆ ಊರು ಕೆಟ್ಟಿತು. ಓಡುವುದೆಂದರೇನು ಎಂದು ಗೊತ್ತಿಲ್ಲದ ಊರು ಓಡತೊಡಗಿತು. ನಲ್ಲಿಯ ಮುಂದೆ ಗುಂಪು ಹೋಗಿ ಸಾಲು ಬಂತು. ಸಾಲಿನಲ್ಲಿ ಹೆಂಗಸರು ಚೀಟಿ ಹಿಡಿದು ಒಬ್ಬರ ಮೇಲೊಬ್ಬರು ಬಿದ್ದರು. “ನಂದು ನೂರಾ ಹನ್ನೆರಡು, ನಿಂದು ಎಂಟುನೂರಾ ಐದು, ಹಿಂದೆ ಸರಿಯೇ” ಎಂದು ನಾದಿನಿ ಅತ್ತಿಗೆಗೆ ಹೇಳಿದಳು. ಆ ಮನೆಯಲ್ಲಿ ಈಗಲೂ ಎರಡು ಒಲೆ. ಜೋಯಿಸರು ಮುಹೂರ್ತಕ್ಕೆ ಮೂರು ಅಂಕಿ ಸೇರಿಸಿ ಬರೆದುಕೊಡತೊಡಗಿದರು. ಪುರಸಭೆಯ ಮುಂದೆಯೇ ಹಾಕಿದ ಚಪ್ಪರದಲ್ಲಿ ತಾಳಿ ಹಿಡಿದ ಮದುಮಗ ಕತ್ತು ಎತ್ತಿ ಬೋರ್ಡು ನೋಡುತ್ತ ಗಂಟು ಹಾಕಲು ಹೋಗಿ ಪಕ್ಕದಲ್ಲಿ ನಿಂತಿದ್ದ ಸೋದರಮಾವನ ಕೈಗೆ ಕಟ್ಟಿಯೇಬಿಡುತ್ತಿದ್ದ, ಪುಣ್ಯಕ್ಕೆ ಯಾರೋ ಹಿಡಿದರು. ಇಬ್ಬರು ಹೆಡ್‌ಮಾಸ್ಟರರೂ ಒಂದು ಬೆಳಿಗ್ಗೆ ಗುಂಡಿ ಒತ್ತಿದರು, ಇನ್ನೂರರ ಚೀಟಿ ಬಂದವರು ಹಿರಿಯರೆಂದೂ ಏಳುನೂರರ ಚೀಟಿ ಬಂದವರು ಸಹಾಯಕರೆಂದೂ ಆಯಿತು. ಸಹಾಯಕರಾದವರು ಅಂದಿನಿಂದ ಮಾತು ಬಿಟ್ಟು ಬರೀ ಸೀಟಿ ಊದಿ ಪಾಠ ಮಾಡುತ್ತಿದ್ದರು.

ನಾನು ಇದನ್ನೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನೋಡಿ ನಗುತ್ತಿದ್ದೆ. ಅಷ್ಟರಲ್ಲಿ ನಮ್ಮ ಮಳಿಗೆಯ ಕರಾರಿನ ಅವಧಿ ಮುಗಿಯಿತು.

ನಾನೂ ವಿಠೋಬನೂ ಪ್ರತಿಸಲದ ಹಾಗೆ ಒಟ್ಟಿಗೇ ಪುರಸಭೆಗೆ ಹೋದೆವು. ದಾರಿಯಲ್ಲಿ ಚಟ್ನಿಯ ಬಗ್ಗೆ ಒಂದು ಸುತ್ತು ಜಗಳವೂ ಮುಗಿಯಿತು. ಜಗಲಿಯಲ್ಲಿದ್ದ ಚೀಟಿ ಪೆಟ್ಟಿಗೆಯ ಮುಂದೆ ನಿಂತಾಗ ವಿಠೋಬ “ನೀನು ಮೊದಲು ಒತ್ತು ಮಾರಾಯ, ನನಗೆ ಶಾಕ್ ಹೊಡೆದೀತು ಅಂತ ಭಯ” ಎಂದ. ನಾನು ಒತ್ತಿದೆ. ನನಗೆ ಏನೂ ಆಗಲಿಲ್ಲ ಎಂದು ಚೆನ್ನಾಗಿ ನೋಡಿಕೊಂಡು, ಅಂಗಿಗೆ ಕೈ ಒರೆಸಿಕೊಂಡು, ಆಮೇಲೆ ಅವನು ಒತ್ತಿದ. ಎರಡು ಚೀಟಿಯನ್ನೂ ಗುಮಾಸ್ತ ಸಿದ್ಧಲಿಂಗಯ್ಯ ಕನ್ನಡಕ ಏರಿಸಿ ಓದಿದ. ಗಂಟೆ ಒಂದೇ, ನಿಮಿಷ ಒಂದೇ, ಸೆಕೆಂಡು ಅವೇ ಎರಡು ಸೊನ್ನೆ. ಕೊನೆಯಲ್ಲಿ ನನ್ನದು ಎಂಟುನೂರಾ ಎಪ್ಪತ್ತೊಂದು, ವಿಠೋಬನದು ಇನ್ನೂರಾ ನಾಲ್ಕು.

“ವಿಠೋಬಣ್ಣ ಮೊದಲು,” ಎಂದ ಸಿದ್ಧಲಿಂಗಯ್ಯ. “ಇಡೀ ಮಳಿಗೆ ವಿಠೋಬಣ್ಣಂದು.”

“ರೀ ಸ್ವಾಮಿ, ನಿಮ್ಮ ಕಣ್ಣೆದುರಿಗೇ ನಾನು ಮೊದಲು ಒತ್ತಿದೆನಲ್ಲ!”

“ನನ್ನ ಕಣ್ಣಿಗೆ ಸಾವಿರದ ಭಾಗ ಕಾಣುತ್ತಾ ಅಚ್ಯುತಣ್ಣ? ಹತ್ತಿರದ್ದೇ ಸರಿಯಾಗಿ ಕಾಣಲ್ಲ,” ಎಂದು ಅವನು ಕನ್ನಡಕ ತೋರಿಸಿದ.

ನಾನು ವಿಠೋಬನ ಮುಖ ನೋಡಿದೆ. ಅವನು ತನ್ನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. “ನಾನೇನು ಮಾಡ್ಲೋ ಅಚ್ಯುತ, ಮಿಷಿನ್ನೇ ಹೇಳ್ತಿದೆ,” ಎಂದ. ಬಾಯಿ ಹಾಗೆ ಹೇಳಿತು, ಆದರೆ ಕಣ್ಣಿನಲ್ಲಿ ಒಂದು ಹೊಳಪು ಬಂದಿತ್ತು. ಹುಟ್ಟಿದಾಗಿನಿಂದ ಯಾವುದರಲ್ಲೂ ಮೊದಲು ಬರದವನು ಮೊದಲು ಬಂದಿದ್ದ. ನನಗೆ ಹೊಟ್ಟೆ ಉರಿದುಹೋಯಿತು. ಮಳಿಗೆ ಹೋದದ್ದು ಒಂದು ಉರಿ, ಮೊದಲು ಒತ್ತಿದವನು ನಾನು ಎಂಬುದು ಇನ್ನೊಂದು ಉರಿ. ಯಾವುದು ಹೆಚ್ಚು ಎಂದು ಕೇಳಿದರೆ ಎರಡನೆಯದೇ ಎನ್ನುತ್ತೇನೆ.

ಇಡ್ಲಿ ಪಾತ್ರೆ, ರುಬ್ಬುವ ಕಲ್ಲು, ಅಲಾರಾಂ, ಎಲ್ಲ ಹೊತ್ತುಕೊಂಡು ಮನೆಗೆ ಬಂದೆ. ಮನೆ ಇರುವುದು ಗಲ್ಲಿಯ ತುದಿಯಲ್ಲಿ. ಬಾಗಿಲಲ್ಲಿ ಬೆಂಚು ಹಾಕಿ ಒಲೆ ಹೂಡಿದೆ. ಬಂದವರು ಎರಡು ನಾಯಿ, ಹಳೆಯ ಪರಿಚಯದ ಒಬ್ಬ ಕಂಡಕ್ಟರು. ಮಾಡಿದ ಇಡ್ಲಿಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಾವೇ ತಿಂದೆವು. ಆ ಕಡೆ ವಿಠೋಬ ಗೀಟು ಒರೆಸಿ ಮಳಿಗೆಯ ನಡುಮಧ್ಯ ಮಿಷಿನ್ನು ಇಟ್ಟುಕೊಂಡಿದ್ದಾನೆ, ಅವನ ಹೆಬ್ಬೆರಳು ನೋಡಲು ಜನ ಬರುತ್ತಾರೆ, ಅವನು ಅದಕ್ಕೆ ದಿನಾ ಕೊಬ್ಬರಿ ಎಣ್ಣೆ ತಿಕ್ಕುತ್ತಾನೆ ಎಂದು ಕಂಡಕ್ಟರು ಸುದ್ದಿ ತಂದ.

“ನಿನ್ನ ಸೀರಿಯಲ್ ಲೈಟು ನನ್ನ ಮಳಿಗೆ ನುಂಗಿತಲ್ಲೇ,” ಎಂದೆ ವಾರಿಜಳಿಗೆ. ಅವಳು ತಟ್ಟೆಯಲ್ಲಿದ್ದ ಇಡ್ಲಿಯನ್ನು ಮುರಿದು ಮುರಿದು ಪುಡಿ ಮಾಡಿದಳು. ಅದು ಭಾನುವಾರ. ಸೋಮವಾರ ಅವಳು ಕೆಲಸದಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತಳು. ಪಿಂಚಣಿಯ ಚೀಟಿಗೆ ಓಡಿ ಬಂದ ಗಂಗವ್ವಜ್ಜಿ ಪುರಸಭೆಯ ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದುಕೊಂಡಳಂತೆ. ಬಿದ್ದಲ್ಲಿಂದಲೇ “ಯಾರಾದ್ರೂ ಗುಂಡಿ ಒತ್ರಪ್ಪಾ ನನ್ನ ಹೆಸರಲ್ಲಿ” ಎಂದು ಕೂಗಿದಳಂತೆ.

“ಇಲ್ಲದ ಅಂಕಿ ಹಿಂದೆ ಓಡಿ ಬಿದ್ರು ರೀ,” ಎಂದಳು ವಾರಿಜ. “ನಾನು ಹಾಕಿದ ಅಂಕಿ. ನಾಳೆ ಸಭೆಯಲ್ಲಿ ಎಲ್ಲರ ಮುಂದೆ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ.”

“ಹೇಳು ಹೇಳು,” ಎಂದೆ ನಾನು. “ಮಳಿಗೆ ವಾಪಸ್ ಬರುತ್ತೆ.”

ಅವಳು ನನ್ನನ್ನು ನೋಡಿದ ನೋಟಕ್ಕೆ ಒಲೆ ಹಚ್ಚುವ ನೆಪ ಹೇಳಿ ಒಳಗೆ ಹೋದೆ.

ಸಭೆ ನಡೆದದ್ದು ಪುರಸಭೆಯ ಜಗಲಿಯಲ್ಲೇ, ಬೋರ್ಡು ಎಲ್ಲರಿಗೂ ಕಾಣುವ ಹಾಗೆ. ಜನ ಕಿಕ್ಕಿರಿದಿದ್ದರು. ವಿಠೋಬನೂ ಬಂದು ಕಂಬಕ್ಕೆ ಒರಗಿ ನಿಂತಿದ್ದ, ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ವಾರಿಜ ಎದ್ದು ನಿಂತು, ಸುತ್ತು ಬಳಸದೆ ಹೇಳಿದಳು. “ನಮ್ಮ ಗಡಿಯಾರ ಹೇಳಬಲ್ಲ ಅತಿ ಚಿಕ್ಕ ಹೊತ್ತು ಒಂದು ನೆಗೆತ. ಅದಕ್ಕಿಂತ ಸಣ್ಣದು ಅದಕ್ಕೆ ಕಾಣಲ್ಲ. ಬೋರ್ಡಿನ ಕೊನೇ ಮೂರು ಅಂಕಿ ಸುಳ್ಳು. ಅಂದಕ್ಕೆ ಅಂತ ನಾನೇ ಹಾಕಿದ್ದು. ತಪ್ಪು ನನ್ನದು. ಆ ಅಂಕಿ ನೋಡಿ ಮಾಡಿದ್ದನ್ನೆಲ್ಲ ರದ್ದು ಮಾಡಬೇಕು.”

ಜಗಲಿ ಗುಜುಗುಟ್ಟಿತು. ಪಂಚಾಕ್ಷರಪ್ಪನವರು ಶಲ್ಯ ಸರಿಮಾಡಿಕೊಂಡು, ಬಹಳ ಮೃದುವಾಗಿ, “ವಾರಿಜಮ್ಮ, ಬೇಜಾರು ಮಾಡ್ಕೋಬೇಡಿ,” ಎಂದರು. “ಯಜಮಾನರ ಮಳಿಗೆ ಹೋಗೋವರೆಗೂ ಅಂಕಿ ಸರಿ ಇತ್ತು. ಹೋದ ಮೇಲೆ ಸುಳ್ಳಾಯ್ತಾ?”

ಜನ ಗೊಳ್ಳೆಂದು ನಕ್ಕರು. ಆ ನಗೆಯ ನಡುವೆ ‘ಟಕ್’ ಎಂದು ಹಾರಿತು, “ಹಾರ್ತು” ಎಂದು ನಗುತ್ತಲೇ ಎಲ್ಲರೂ ಅಂದರು. ವಾರಿಜಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮದುವೆಯಾದಾಗಿನಿಂದ ಅವಳಿಗೆ ಮಾತು ನಿಂತದ್ದನ್ನು ನಾನು ಕಂಡಿರಲಿಲ್ಲ. ನಿಲ್ಲಲಿ ಎಂದು ಎಷ್ಟೋ ಸಲ ಆಸೆಪಟ್ಟಿದ್ದೆ. ಆದರೆ ನಿಂತದ್ದನ್ನು ನೋಡಿದಾಗ ನನ್ನ ಮೈಯೆಲ್ಲ ಬೆಂಕಿಯಾಯಿತು. ಕೈ ಮುರಿದ ಮುದುಕಿಗಾಗಿ ಇವಳು ರಾತ್ರಿಯೆಲ್ಲ ಹೊರಳಾಡಿದ್ದಾಳೆ, ಇವರು ಅರ್ಧ ಮಳಿಗೆಯ ಲೆಕ್ಕ ಹಾಕುತ್ತಿದ್ದಾರೆ! ನಾನು ಬೆಂಚಿನ ಮೇಲೆ ಹತ್ತಿ ನಿಂತೆ.

“ಆ ಅರ್ಧ ಮಳಿಗೆ ನನಗೆ ಬೇಡ! ಅಂಕಿ ಸುಳ್ಳಾದ್ರೂ ಬೇಡ, ನಿಜವಾದ್ರೂ ಬೇಡ! ಇನ್ನು ಅವಳಿಗೆ ಇದರಲ್ಲಿ ಲಾಭ ಇಲ್ವಲ್ಲ? ಈಗ ಬಾಯಿ ಮುಚ್ಕೊಂಡು ಅವಳ ಮಾತು ಕೇಳಿ!”

ಜನ ಬಾಯಿ ಮುಚ್ಚಿದರು. ನಾನು ಬೆಂಚಿನಿಂದ ಇಳಿದೆ. ಇಳಿಯುತ್ತಿರುವಾಗಲೇ ನಾನು ಬಿಟ್ಟುಕೊಟ್ಟದ್ದು ಏನು ಎಂದು ಹೊಳೆಯಿತು. ಅಪ್ಪ ಕೂತ ಜಾಗ. ನನಗೆ ಬೇರೆ ಕೆಲಸ ಬರುವುದಿಲ್ಲ. ಇನ್ನು ಸಾಯುವವರೆಗೆ ಎರಡು ನಾಯಿಗೂ ಒಬ್ಬ ಕಂಡಕ್ಟರಿಗೂ ಇಡ್ಲಿ ಬೇಯಿಸಬೇಕು. ವಾಪಸ್ ತೆಗೆದುಕೊಳ್ಳೋಣವೆಂದರೆ ಮಾತು ಊರೆಲ್ಲ ಕೇಳಿಯಾಗಿತ್ತು. ವಾರಿಜ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು, ಆದರೆ ಬಾಯಿ ಸರಿಹೋಗಿತ್ತು.

“ಸಿದ್ಧಲಿಂಗಯ್ಯನವರೇ,” ಎಂದಳು. “ಆ ಗುಂಡಿಯನ್ನ ನೀವೊಬ್ಬರೇ ಒತ್ತುತ್ತಾ ಹೋಗಿ. ಒಂದಾದ ಮೇಲೆ ಒಂದು. ಅಂಕಿ ಏರುತ್ತಾ ಹೋದ್ರೆ ನಾನು ಸುಳ್ಳಿ.”

ಸಿದ್ಧಲಿಂಗಯ್ಯ ಒತ್ತಿದ, ಓದಿದ. ಏಳುನೂರಾ ಮೂವತ್ತೊಂದು. ಮತ್ತೆ ಒತ್ತಿದ. ನೂರಾ ಹದಿನೆಂಟು. ಮತ್ತೆ ಒತ್ತಿದ. ಐನೂರಾ ಅರವತ್ತು. ಮತ್ತೆ. ನಲವತ್ತನಾಲ್ಕು. ಅವನ ಕನ್ನಡಕ ಮೂಗಿನ ತುದಿಗೆ ಜಾರಿತು.

“ನೋಡಿ,” ಎಂದಳು ವಾರಿಜ. “ಆಮೇಲೆ ಒತ್ತಿದ್ದು ಮೊದಲು ಅಂತ ಬರ್ತಿದೆ. ಆಗಿನಿಂದ ನಿಜವಾದ ಗಡಿಯಾರ ಅಲ್ಲಾಡೇ ಇಲ್ಲ.”

ಪಂಚಾಕ್ಷರಪ್ಪನವರು ಚೀಟಿಗಳನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು. “ಅಂದ್ರೆ ನಮ್ಮೂರಲ್ಲಿ ಕಾಲ ಹಿಂದಕ್ಕೂ ಓಡುತ್ತೆ!” ಎಂದರು. “ಆ ದೊಡ್ಡ ಊರಿನ ಬೋರ್ಡಿಗೆ ಮುಂದಕ್ಕೆ ಓಡೋದು ಬಿಟ್ಟು ಬೇರೆ ಬರ್ತಿತ್ತೇನ್ರೀ?”

ಜನ ಮತ್ತೆ ಚಪ್ಪಾಳೆ ಹೊಡೆದರು. ವಾರಿಜ ಹಣೆ ಹಿಡಿದುಕೊಂಡು ಕೂತುಬಿಟ್ಟಳು. ಚೀಟಿಯಿಂದ ಗೆದ್ದವರಿಗೆ ಅಂಕಿ ನಿಜವಾಗಿರಬೇಕಿತ್ತು, ಸೋತವರಿಗೆ ನಾಳೆ ಗೆಲ್ಲುವ ಆಸೆಯಿತ್ತು. ಅವಳ ಮಾತು ಯಾರಿಗ್ರೀ ಬೇಕು?

ಆಗ ಕಂಬದ ಹತ್ತಿರ ವಿಠೋಬ ಕೆಮ್ಮಿದ. “ಅತ್ತಿಗೆ, ಒಂದು ಮಾತು,” ಎಂದ. “ಹಾಗಾದ್ರೆ ನನ್ನ ಹೆಬ್ಬೆರಳು?”

“ನಿಮ್ಮ ಹೆಬ್ಬೆರಳು ಎಲ್ಲರ ಹೆಬ್ಬೆರಳ ಹಾಗೇ ವಿಠೋಬಣ್ಣ.”

ಅವನು ಎಣ್ಣೆ ಹಚ್ಚಿ ಹಚ್ಚಿ ಮಿಂಚುತ್ತಿದ್ದ ಆ ಹೆಬ್ಬೆರಳನ್ನು ಕೊನೆಯ ಸಲ ನೋಡಿಕೊಂಡು, ಪಂಚೆಗೆ ಒರೆಸಿದ. ಆಮೇಲೆ ಮುಂದೆ ಬಂದ. “ಅಧ್ಯಕ್ಷರೇ, ಗೆದ್ದೋನು ನಾನು. ನಾನು ಹೇಳಿದ್ರೆ ಲಾಭಕ್ಕೆ ಅಂತ ಅನ್ನೋಹಾಗಿಲ್ಲ. ಅವತ್ತು ಇವನೇ ಮೊದಲು ಒತ್ತಿದ್ದು. ನಾನು ಶಾಕ್ ಹೊಡೆಯುತ್ತೇನೋ ಅಂತ ಹಿಂದೆ ನಿಂತು ನೋಡ್ತಿದ್ದೆ. ಅವತ್ತಿನಿಂದ ನನಗೆ ಗೊತ್ತು. ಮಿಷಿನ್ನು ಹೊಗಳ್ತಲ್ಲ, ಒಂದಿಷ್ಟು ದಿನ ಹೊಗಳಿಸ್ಕೊಳ್ಳೋಣ ಅಂತ ಸುಮ್ಮನಿದ್ದೆ.” ಅವನು ನನ್ನ ಕಡೆ ತಿರುಗಿದ. “ಅಷ್ಟು ದೊಡ್ಡ ಜಾಗದಲ್ಲಿ ಒಬ್ಬನೇ ಕೂತು ಹೊಲಿಯೋಕಾಗ್ತಿಲ್ಲ ಕಣೋ. ಗಿರಾಕಿ ಪ್ಯಾಂಟು ಕೊಟ್ಟು ಎದ್ದು ಹೋಗ್ತಾರೆ. ಬೈಯೋಕೆ ಒಬ್ಬ ಇಲ್ಲ. ಇಡೀ ಮಳಿಗೆ ನೀನೇ ಇಟ್ಕೋ, ನನಗೆ ಬೇಡ.”

“ನನಗೂ ಬೇಡ ಅಂದಾಗಿದೆ,” ಎಂದೆ.

“ನೀನು ಬೇಡ ಅಂದ್ರೆ ನಾನೇನು ಬೇಕು ಅಂತೀನಾ?”

“ತಗೊಳ್ಳೋ ಅಂದ್ರೆ!”

“ನೀನು ತಗೊಳ್ಳೋ!”

ಹಿರಿಯ ಹೆಡ್‌ಮಾಸ್ಟರರು ಎದ್ದು ಕೈ ಎತ್ತಿದರು. “ಒಂದು ನಿಮಿಷ. ಅಚ್ಯುತಣ್ಣ ಬೇಡ ಅಂದಿದ್ದಕ್ಕೂ ವಿಠೋಬಣ್ಣ ಬೇಡ ಅಂದಿದ್ದಕ್ಕೂ ನಡುವೆ ಹಾರ್ತಾ?”

ಎಲ್ಲರೂ ಎಲ್ಲರ ಮುಖ ನೋಡಿದರು. ಹಾರಿದ್ದು ನಾನು ಬೆಂಚು ಹತ್ತುವುದಕ್ಕೆ ಮೊದಲು, ಜನ ನಗುತ್ತಿದ್ದಾಗ. ಆಮೇಲೆ ‘ಟಕ್’ ಎಂದದ್ದನ್ನು ಯಾರೂ ಕೇಳಿರಲಿಲ್ಲ. ಬೋರ್ಡಿನಲ್ಲಿ ಗಂಟೆಯೂ ನಿಮಿಷವೂ ಆಗ ಎಲ್ಲಿದ್ದವೋ ಅಲ್ಲೇ ಇದ್ದವು. ಅಷ್ಟು ದಿನದ ಮೇಲೆ ಮೊದಲ ಸಲ ಊರಿನವರೆಲ್ಲ ಕೊನೆಯ ಮೂರು ಅಂಕಿ ಬಿಟ್ಟು ಮೊದಲಿನ ಅಂಕಿಗಳನ್ನು ನೋಡಿದರು.

ಸಹಾಯಕ ಹೆಡ್‌ಮಾಸ್ಟರರು ಬಾಯಿಂದ ಸೀಟಿ ತೆಗೆದರು. “ಹಾರಿಲ್ಲ,” ಎಂದರು. “ಒಂದೇ ನೆಗೆತ. ಇಬ್ಬರೂ ಒಟ್ಟಿಗೇ ಬೇಡ ಅಂದಿದ್ದಾರೆ. ಸಮಪಾಲು.”

ಸರಿಯಾಗಿ ಆಗ ‘ಟಕ್’ ಎಂದಿತು. “ಹಾರ್ತು!” ಎಂದು ಇಡೀ ಜಗಲಿ ಒಂದೇ ಬಾಯಲ್ಲಿ ಕೂಗಿತು. ಹೆಡ್‌ಮಾಸ್ಟರರಿಬ್ಬರೂ ಕೈ ಕೈ ಹಿಡಿದುಕೊಂಡು ನಿಂತಿದ್ದರು, ಯಾರು ಮೊದಲು ಹಿಡಿದರು ಎಂದು ನನಗೆ ಕಾಣಲಿಲ್ಲ. ನಾದಿನಿ ಗುಂಪಿನಲ್ಲಿ ಅತ್ತಿಗೆಯನ್ನು ಹುಡುಕಿದಳು, ಅತ್ತಿಗೆ ಮುಖ ತಿರುಗಿಸಿದಳು. ಎಲ್ಲವೂ ಒಂದೇ ದಿನಕ್ಕೆ ಸರಿಹೋಗುವುದಿಲ್ಲ.

ಮರುದಿನ ವಾರಿಜ ಆ ಮೂರು ಅಂಕಿ ಕಿತ್ತಳು, ಎರಡು ಸೊನ್ನೆಯನ್ನೂ ಕಿತ್ತಳು. ಅತಿ ಚಿಕ್ಕ ಹೊತ್ತು ಎಷ್ಟು ಎಂದು ಪ್ರೋಗ್ರಾಮು ಕೇಳುವ ಜಾಗದಲ್ಲಿ ಏಳು ನಿಮಿಷ ಎಂದು ತುಂಬಿದಳು. ಹಿಂದೆ ಯಾರೂ ನಿಂತಿರಲಿಲ್ಲ. ಈಗ ಬೋರ್ಡಿನಲ್ಲಿ ಗಂಟೆ, ನಿಮಿಷ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು: ‘ಇದಕ್ಕಿಂತ ಸಣ್ಣ ಹೊತ್ತು ನನಗೆ ಕಾಣದು.’ ಪಂಚಾಕ್ಷರಪ್ಪನವರು ಒಂದು ವಾರ ಮುನಿಸಿಕೊಂಡಿದ್ದರು. ಆಮೇಲೆ ಬಂದವರಿಗೆಲ್ಲ ಬೋರ್ಡು ತೋರಿಸಿ, ತನಗೆ ಏನು ಗೊತ್ತಿಲ್ಲ ಎಂದು ಹೇಳುವ ಬೋರ್ಡು ಬೇರೆ ಯಾವ ಊರಿನಲ್ಲೂ ಇಲ್ಲ, ಇದು ತಮ್ಮದೇ ಯೋಚನೆ ಎಂದು ಹೇಳತೊಡಗಿದರು. ವಾರಿಜಳ ಕೆಲಸ ಹೋಗಲಿಲ್ಲ. ಗಂಗವ್ವಜ್ಜಿಯ ಕೈ ಕೂಡುವವರೆಗೆ ದಿನಾ ಬೆಳಿಗ್ಗೆ ಅವಳೇ ಹೋಗಿ ಜಡೆ ಹಾಕಿ ಬರುತ್ತಿದ್ದಳು.

ನಾನು ಸುಣ್ಣ ತಂದು ಗೀಟು ಎಳೆದೆ. ಗೀಟು ತನ್ನ ಕಡೆಗೆ ಬಾಗಿದೆ ಎಂದು ವಿಠೋಬ ಟೇಪು ಹಿಡಿದು ಜಗಳಕ್ಕೆ ಬಂದ. ಮೊನ್ನೆ ಬಸ್ಸಿಳಿದ ಹೊರಗಿನ ಗಿರಾಕಿಯೊಬ್ಬರು ಪ್ಯಾಂಟು ಹೊಲಿಯಲು ಕೊಟ್ಟು, ನನ್ನ ಕಡೆ ಕೂತು ಇಡ್ಲಿ ತಿನ್ನುತ್ತ, ಬೋರ್ಡಿನ ಕಥೆಯೆಲ್ಲ ಯಾರಿಂದಲೋ ಕೇಳಿ ಬಂದವರ ಹಾಗೆ, “ಅಲ್ಲ ಸ್ವಾಮಿ, ಅವತ್ತು ನಿಜವಾಗಿ ನಿಮ್ಮಿಬ್ಬರಲ್ಲಿ ಯಾರು ಮೊದಲು?” ಎಂದು ಕೇಳಿದರು.

ಗೀಟಿನ ಆಚೆ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ವಿಠೋಬ ತಲೆ ಎತ್ತಲಿಲ್ಲ, ಸೂಜಿಯ ಕಡೆಗೇ ನೋಡುತ್ತಿದ್ದ. ಇದೇ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಗಲ್ಲಿಯ ತುದಿಯಲ್ಲಿ ಕೂತು ನಾನು ಎಷ್ಟು ದಿನ ಹಂಬಲಿಸಿದ್ದೆ!

“ಒಂದೇ ನೆಗೆತ,” ಎಂದೆ.

ಮಿಷಿನ್ನು ಮತ್ತೆ ಓಡಿತು. ಒಂದು ದಾರದ ತುಂಡು ಹಾರಿ ಬಂದು ಚಟ್ನಿಯಲ್ಲಿ ಬಿತ್ತು. ನಾನು ಅದನ್ನು ತೆಗೆದು ಗೀಟಿನ ಆಚೆ ಹಾಕಿದೆ.